ಮುದಿ ಜೀಬ್ರಾಫಿಶ್‌ಗೆ ಕಿವಿ ಮಂದವಾಗಿದೆಯೋ, ನಮ್ಮ ಅಳತೆ ತಪ್ಪಿದೆಯೋ?

ಪ್ರಶ್ನೆ: ತುಂಬುತೊಟ್ಟಿ

ನಮಸ್ಕಾರ. ವಯಸ್ಸಾದಂತೆ ಜೀಬ್ರಾಫಿಶ್ ಎಂಬ, ಪ್ರಯೋಗಾಲಯಗಳಲ್ಲಿ ಸಾಕುವ ಚಿಕ್ಕ ಮೀನಿನ ಶ್ರವಣ ಹೇಗೆ ಬದಲಾಗುತ್ತದೆ ಎಂದು ನೋಡುವ ಪ್ರಯೋಗ ಇದು. ಎಬಿ ಎಂಬ ಪ್ರಯೋಗಾಲಯ ತಳಿಯ ಮೀನುಗಳು, 6, 18 ಮತ್ತು 36 ತಿಂಗಳ ಮೂರು ಗುಂಪು. ನೀರು 28 ಡಿಗ್ರಿ ಸೆಲ್ಸಿಯಸ್, 14 ಗಂಟೆ ಬೆಳಕು, 10 ಗಂಟೆ ಕತ್ತಲೆ. ನೈತಿಕ ಸಮಿತಿಯ ಅನುಮತಿ ಇದೆ.

ಮೂರು ಬಗೆಯ ಅಳತೆ ಮಾಡಿದ್ದೇವೆ, ಮೂರೂ ಮೂರು ದಿಕ್ಕಿಗೆ ಎಳೆಯುತ್ತಿವೆ. ತೊಟ್ಟಿಯ ಗೋಡೆಗೆ ಸೊಲೆನಾಯ್ಡ್‌ನಿಂದ (ವಿದ್ಯುತ್ತಿನಿಂದ ಬಡಿಯುವ ಸಾಧನ) ಬಡಿದು ಬೆಚ್ಚಿಸಿದರೆ 36 ತಿಂಗಳ ಮೀನುಗಳು ಎಳೆಯ ಮೀನುಗಳಿಗಿಂತ ತೀರಾ ಕಡಿಮೆ ಬೆಚ್ಚುತ್ತವೆ. ತಲೆಯ ಮೇಲೆ ಎಲೆಕ್ಟ್ರೋಡ್ ಇಟ್ಟು ಶ್ರವಣ ಪ್ರಚೋದಿತ ವಿಭವ, ಅಂದರೆ ಸದ್ದಿಗೆ ನರ ಮತ್ತು ಮಿದುಳು ಕೊಡುವ ವಿದ್ಯುತ್ ಉತ್ತರ (ಎಇಪಿ) ತೆಗೆದರೆ 200 ಹರ್ಟ್ಜ್‌ನಲ್ಲಿ ಗುಂಪುಗಳ ನಡುವೆ ವ್ಯತ್ಯಾಸವೇ ಇಲ್ಲ, 800 ಮತ್ತು 1500 ಹರ್ಟ್ಜ್‌ನಲ್ಲಿ ಮುದಿ ಮೀನುಗಳ ಥ್ರೆಶೋಲ್ಡ್ (ಉತ್ತರ ಕಾಣುವ ಅತಿ ಮೆಲ್ಲನೆಯ ಸದ್ದಿನ ಮಟ್ಟ) ಒಂದೆರಡು ಮೆಟ್ಟಿಲು ಮೇಲಿದೆ (ಮೆಟ್ಟಿಲು 5 ಡೆಸಿಬೆಲ್). ಒಳಕಿವಿಯ ಭಾಗವಾದ ಸ್ಯಾಕ್ಯೂಲ್ ಬಿಡಿಸಿ, ಸದ್ದನ್ನು ಗ್ರಹಿಸುವ ರೋಮಕೋಶಗಳನ್ನು ಎಣಿಸಿದರೆ ಮುದಿ ಮೀನಿನಲ್ಲೇ ಹೆಚ್ಚು!

ಕಿವಿಯಲ್ಲಿ ಕೋಶ ಹೆಚ್ಚಿದ್ದೂ ಕೇಳಿಸುವುದು ಕಡಿಮೆ ಅಂದರೆ ಹೇಗೆ? ಮೂರರಲ್ಲಿ ಯಾವುದನ್ನು ನಂಬಬೇಕು? ಇನ್ನೊಂದು ಸಣ್ಣ ಅನುಮಾನ: ಇಷ್ಟೆಲ್ಲ ಕಾಯುವ ಬದಲು ಬೇಗ ಮುದಿಯಾಗುವ ಕಿಲಿಫಿಶ್ ಎಂಬ ಮೀನಿಗೆ ಹೋಗುವುದು ಒಳ್ಳೆಯದೇ?

---

ಉತ್ತರ: ಕಿವಿಗಲ್ಲು

ಎಣಿಕೆಯಿಂದಲೇ ಶುರು ಮಾಡೋಣ, ಏಕೆಂದರೆ ಅದು ತಪ್ಪಾಗಿರಬೇಕೆಂದಿಲ್ಲ. ನಮ್ಮ ಕಾಕ್ಲಿಯಾದಲ್ಲಿ (ಒಳಕಿವಿಯ ಬಸವನಹುಳುವಿನಾಕಾರದ ಭಾಗ) ಹುಟ್ಟುವಾಗ ಇದ್ದ ಸುಮಾರು 15,000 ರೋಮಕೋಶಗಳೇ ಕೊನೆಯವರೆಗಿನ ಬಂಡವಾಳ, ಹೋದದ್ದು ಹೋಯಿತು. ಮೀನಿನ ಲೆಕ್ಕ ಬೇರೆ. ದೇಹ ಬೆಳೆಯುತ್ತಿರುವಷ್ಟು ಕಾಲ ಸ್ಯಾಕ್ಯೂಲ್‌ನ ಪದರವೂ ಹಿಗ್ಗುತ್ತದೆ, ಹೊಸ ರೋಮಕೋಶಗಳು ಸೇರುತ್ತಲೇ ಇರುತ್ತವೆ. ಥಾರ್ನ್‌ಬ್ಯಾಕ್ ರೇ ಮೀನಿನ ಮೇಲೆ ಜೆಫ್ರಿ ಕಾರ್ವಿನ್ 1983ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಮೀನು ಬೆಳೆದಂತೆ ಕೋಶಗಳ ಸಂಖ್ಯೆ, ಒಂದೊಂದು ನರತಂತುವಿಗೆ ಸೇರುವ ಕೋಶಗಳು, ಸಂವೇದನೆ ಮೂರೂ ಏರಿದ್ದು ಕಂಡಿತ್ತು. ಡೆನಿಸ್ ಹಿಗ್ಸ್ ಮತ್ತು ಸಂಗಡಿಗರು 2002ರಲ್ಲಿ ಬೆಳೆದ ಜೀಬ್ರಾಫಿಶ್‌ಗಳನ್ನೇ ನೋಡಿದಾಗ ಕೋಶಗಳು ಹೆಚ್ಚಿದರೂ ಶ್ರವಣ ಥ್ರೆಶೋಲ್ಡ್ ಬದಲಾಗಿರಲಿಲ್ಲ. ಅಂದರೆ ಕೋಶದ ಒಟ್ಟು ಎಣಿಕೆ ಮತ್ತು ಕೇಳುವ ಶಕ್ತಿ ಜೊತೆಜೊತೆಗೆ ಹೋಗಲೇಬೇಕೆಂದಿಲ್ಲ.

ಹಾಗಾಗಿ ನಿಮ್ಮ ಮೊದಲ ತೊಡಕು ವಯಸ್ಸು ಮತ್ತು ಗಾತ್ರ ಒಂದಕ್ಕೊಂದು ಅಂಟಿಕೊಂಡಿರುವುದು. 36 ತಿಂಗಳ ಮೀನು ಮುದಿಯೂ ಹೌದು, ದೊಡ್ಡದೂ ಹೌದು. ನೀವು ಎಣಿಸಿದ ಹೆಚ್ಚುವರಿ ಕೋಶಗಳು ಗಾತ್ರದಿಂದ ಬಂದಿರಬಹುದು. ವಯಸ್ಸಿನಿಂದ ಏನಾದರೂ ಕಳೆದುಹೋಗಿದ್ದರೆ ಅದು ಈ ಹೆಚ್ಚಳದ ಕೆಳಗೆ ಮುಚ್ಚಿಹೋಗಿದೆ. ಮೀನಿನಲ್ಲಿ ಶ್ರವಣದ ಮುಪ್ಪು ಅಂದರೆ ಸೇರುವುದಕ್ಕೂ ಸಾಯುವುದಕ್ಕೂ ನಡುವಿನ ತಕ್ಕಡಿ. ಒಟ್ಟು ಸಂಖ್ಯೆಯನ್ನು ಬದಿಗಿಟ್ಟು ಸಾಂದ್ರತೆ ನೋಡಿ, ಅದೂ ಒಂದೇ ಕಡೆಯಲ್ಲ. ಸ್ಯಾಕ್ಯೂಲ್‌ನ ಮುಂಭಾಗ, ನಡುಭಾಗ, ಹಿಂಭಾಗ ಮೂರರಲ್ಲೂ ಮೊದಲೇ ಗೊತ್ತುಮಾಡಿದ ಜಾಗದಲ್ಲಿ 50 ಗುಣಿಸು 50 ಮೈಕ್ರೋಮೀಟರ್ ಚೌಕ ಹಾಕಿ ಎಣಿಸಿ. ಚಿತ್ರ ನೋಡಿದ ಮೇಲೆ ಚೌಕ ಎಲ್ಲಿ ಹಾಕಬೇಕೆಂದು ಆರಿಸಿದರೆ ಕಣ್ಣು ತಾನಾಗಿಯೇ ಚೆನ್ನಾಗಿ ಕಾಣುವ ಜಾಗಕ್ಕೆ ಹೋಗುತ್ತದೆ. ಎಣಿಸುವವರಿಗೆ ಮೀನಿನ ವಯಸ್ಸು ಗೊತ್ತಿರಬಾರದು.

ಗಾತ್ರವನ್ನು ಬಿಡಿಸಲು ಎರಡು ದಾರಿ. ಒಂದು, ಅಂಕಿಅಂಶದಲ್ಲಿ ಉದ್ದವನ್ನು ಸಹಚರಾಂಶವಾಗಿ ಹಾಕಿ ಅದರ ಪಾಲನ್ನು ಕಳೆಯುವುದು. ಆದರೆ ಗುಂಪುಗಳ ಉದ್ದಗಳು ಒಂದರ ಮೇಲೊಂದು ಬೀಳದಿದ್ದರೆ ಈ ಲೆಕ್ಕ ಬರೀ ಊಹೆ. ಎರಡನೆಯದು ನಿಜವಾದ ದಾರಿ: ಎಳೆಯ ಮೀನುಗಳಲ್ಲಿ ಒಂದು ಪಾಲನ್ನು ವಿರಳವಾಗಿ, ಚೆನ್ನಾಗಿ ಮೇವು ಕೊಟ್ಟು ಬೆಳೆಸಿ, ಇನ್ನೊಂದು ಪಾಲನ್ನು ಒತ್ತಾಗಿ ಇಟ್ಟು ಸಣ್ಣದಾಗಿ ಉಳಿಸಿ. ಒಂದೇ ವಯಸ್ಸಿಗೆ ಎರಡು ಗಾತ್ರ ಸಿಗುತ್ತದೆ. ಉದ್ದವನ್ನು ಮೂತಿಯಿಂದ ಬಾಲದ ಬುಡದವರೆಗೆ ಅಳೆಯಿರಿ. ಮುದಿ ಮೀನಿನ ಬಾಲದ ರೆಕ್ಕೆ ಹರಿದು ಸವೆದಿರುತ್ತದೆ, ಒಟ್ಟು ಉದ್ದ ಮೋಸ ಮಾಡುತ್ತದೆ. ಬೆನ್ನು ಬಾಗಿದ್ದರೆ ಆ ಉದ್ದವೂ ಕೈಕೊಡುತ್ತದೆ. ಆಗ ಬೆನ್ನೆಲುಬಿನ ಗೆರೆಯನ್ನೇ ಚಿತ್ರದಲ್ಲಿ ಹಿಂಬಾಲಿಸಿ ಅಳೆಯಬೇಕು. ಈ ಬಾಗಿದ ಬೆನ್ನನ್ನು ನೆನಪಿನಲ್ಲಿಡಿ, ಕೆಳಗೆ ಯಾರಾದರೂ ಎತ್ತೇ ಎತ್ತುತ್ತಾರೆ.

ಗಂಡು ಹೆಣ್ಣು ಬೇರೆ ಬೇರೆ ಲೆಕ್ಕ ಹಾಕಿ. ಒಂದೇ ತೊಟ್ಟಿಯಲ್ಲಿ ಬೆಳೆದ 10 ಮೀನುಗಳನ್ನು 10 ಸ್ವತಂತ್ರ ಅಳತೆ ಎಂದು ಬರೆಯಬೇಡಿ, ತೊಟ್ಟಿಯನ್ನು ಯಾದೃಚ್ಛಿಕ ಅಂಶವಾಗಿ ಅಂಕಿಅಂಶದ ಮಾದರಿಗೆ ಸೇರಿಸಿ. ಕೊನೆಯದಾಗಿ, ಪ್ರಯೋಗಾಲಯದಲ್ಲಿ ಜೀಬ್ರಾಫಿಶ್‌ನ ಸರಾಸರಿ ಆಯಸ್ಸು ಮೂರೂವರೆ ವರ್ಷದ ಆಸುಪಾಸು, ಕೆಲವು 5 ವರ್ಷ ದಾಟುತ್ತವೆ. 36 ತಿಂಗಳ ಗುಂಪು ಮುಪ್ಪಿನ ಹೊಸ್ತಿಲಲ್ಲಿದೆ ಅಷ್ಟೇ. ಅದೂ ಬದುಕುಳಿದ ಗಟ್ಟಿ ಮೀನುಗಳ ಗುಂಪು. ಸತ್ತವು ಲೆಕ್ಕಕ್ಕೆ ಬಂದೇ ಇಲ್ಲ.

---

ಉತ್ತರ: ಅಲೆಯಳತೆ

ಬೆನ್ನಿನ ವಿಷಯ ನಾನೇ ಎತ್ತುತ್ತೇನೆ. 200ರಲ್ಲಿ ಸರಿ, 800 ಮತ್ತು 1500ರಲ್ಲಿ ಮಂದ. ಈ ವಿನ್ಯಾಸ ನೋಡಿದ ತಕ್ಷಣ ರೋಮಕೋಶದ ಮೇಲೆ ಅನುಮಾನ ಪಡುವ ಮೊದಲು ಗಾಳಿಚೀಲದ (ಮೀನು ತೇಲಲು ನೆರವಾಗುವ ಒಳಚೀಲ) ದಾರಿಯನ್ನು ನೋಡಬೇಕು.

ಮೀನಿನ ಒಳಕಿವಿಯಲ್ಲಿರುವ ಕಿವಿಗಲ್ಲು ನೇರವಾಗಿ ಸ್ಪಂದಿಸುವುದು ನೀರಿನ ಕಣಚಲನೆಗೆ, ಅಂದರೆ ನೀರಿನ ಹಿಂದುಮುಂದಿನ ಅಲುಗಾಟಕ್ಕೆ. ದೇಹ ನೀರಿನ ಜೊತೆ ಅಲುಗುತ್ತದೆ, ಭಾರವಾದ ಕಲ್ಲು ಹಿಂದೆ ಬೀಳುತ್ತದೆ, ನಡುವೆ ರೋಮಗಳು ಬಾಗುತ್ತವೆ. ಒತ್ತಡವನ್ನು ಕೇಳಲು ಗಾಳಿ ಬೇಕು. ಜೀಬ್ರಾಫಿಶ್‌ನಲ್ಲಿ ಒತ್ತಡದ ಏರಿಳಿತಕ್ಕೆ ಗಾಳಿಚೀಲದ ಮುಂದಿನ ಕೋಣೆ ಹಿಗ್ಗಿ ಕುಗ್ಗುತ್ತದೆ, ಆ ಅಲುಗಾಟವನ್ನು ವೀಬರಿಯನ್ ಎಲುಬುಗಳ ಸರಪಳಿ ಒಳಕಿವಿಗೆ ಮುಟ್ಟಿಸುತ್ತದೆ. ಹೆಚ್ಚಿನ ಆವರ್ತನಗಳು ಕೇಳಿಸುವುದು ಈ ದಾರಿಯಿಂದಲೇ. ಹಿಗ್ಸ್ ತಂಡದ 2003ರ ಕೆಲಸದಲ್ಲಿ 10 ಮಿ.ಮೀ. ಮರಿಗೆ 200 ಹರ್ಟ್ಜ್‌ವರೆಗೆ ಮಾತ್ರ ಕೇಳುತ್ತಿತ್ತು, 45 ಮಿ.ಮೀ. ಮೀನಿಗೆ 4000ದವರೆಗೆ, ಈ ಹಿಗ್ಗುವಿಕೆ ವೀಬರಿಯನ್ ಎಲುಬುಗಳ ಬೆಳವಣಿಗೆಗೆ ಹೊಂದಿಕೊಂಡಿತ್ತು. ಆ ಎಲುಬುಗಳು ಬೆನ್ನೆಲುಬಿನ ಮೊದಲ ಕೆಲವು ಮಣಿಗಳಿಂದ ರೂಪುಗೊಂಡವು. ಮುದಿ ಜೀಬ್ರಾಫಿಶ್‌ನಲ್ಲಿ ಬೆನ್ನು ಬಾಗುವುದು ಸಾಮಾನ್ಯ. ಬಾಗು ಕುತ್ತಿಗೆಯ ಹತ್ತಿರವಿದ್ದರೆ ಸರಪಳಿಯ ಬಿಗಿ ತಪ್ಪಬಹುದು. ಮನುಷ್ಯರಲ್ಲಿ ನಡುಗಿವಿಯ ಎಲುಬು ಬಿಗಿದುಕೊಂಡರೆ ಆಗುವ ಕಿವುಡಿನಂಥದ್ದು ಇದು. ಕೋಶ ಚೆನ್ನಾಗಿದ್ದರೂ ಸದ್ದು ಅಲ್ಲಿಗೆ ತಲುಪುವುದಿಲ್ಲ. ನಿಮ್ಮ ಮೀನಿಗೆ ಆಗಿರುವುದು ಇದೇ ಎಂದು ನಾನು ಹೇಳುತ್ತಿಲ್ಲ. ಪರೀಕ್ಷಿಸುವುದು ಸುಲಭ ಎನ್ನುತ್ತಿದ್ದೇನೆ.

ಪ್ರತಿ ಮೀನಿಗೂ ಎಇಪಿ ಮುಗಿದ ಮೇಲೆ ಪಕ್ಕದಿಂದ ಒಂದು ಎಕ್ಸ್‌ರೇ ತೆಗೆಯಿರಿ, ಸಾಧ್ಯವಿದ್ದರೆ ಮೈಕ್ರೋ ಸಿಟಿ. ಗಾಳಿಚೀಲದ ಎರಡೂ ಕೋಣೆಗಳ ಗಾತ್ರ, ಒಳಗೆ ದ್ರವ ಇದೆಯೇ, ಮೊದಲ ಮಣಿಗಳ ಕೋನ, ಇಷ್ಟು ನೋಡಿ. ಜೊತೆಗೆ ಒಂದು ಕಂಪನ ಪರೀಕ್ಷೆ: ಮೀನನ್ನು ಆಳವಿಲ್ಲದ ತಟ್ಟೆಯಲ್ಲಿ ಹಿಡಿದಿಟ್ಟು ಇಡೀ ತಟ್ಟೆಯನ್ನೇ ಶೇಕರ್ ಮೇಲೆ ಅಲುಗಿಸಿ. ಇಲ್ಲಿ ಒತ್ತಡದ ಪಾಲು ತೀರಾ ಕಡಿಮೆ, ಕಣಚಲನೆಯೇ ಮುಖ್ಯ. ಶೇಕರ್‌ನಲ್ಲಿ ಮುದಿ ಮತ್ತು ಎಳೆಯ ಮೀನು ಸಮವಾಗಿದ್ದು ಸ್ಪೀಕರ್‌ನಲ್ಲಿ ಮಾತ್ರ ಬೇರೆಯಾದರೆ ತೊಂದರೆ ಗಾಳಿಚೀಲದಿಂದ ಕಿವಿಯವರೆಗಿನ ದಾರಿಯಲ್ಲಿದೆ. ಎರಡರಲ್ಲೂ ಮಂದವಾದರೆ ಕಿವಿ ಅಥವಾ ನರ.

ಈಗ ತೊಟ್ಟಿಯ ವಿಷಯ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಅಂದರೆ 800 ಹರ್ಟ್ಜ್‌ನ ಅಲೆ ಹತ್ತಿರ ಹತ್ತಿರ 1.9 ಮೀಟರ್ ಉದ್ದ. 40 ಸೆಂ.ಮೀ. ತೊಟ್ಟಿಯಲ್ಲಿ ಅಂಥ ಅಲೆ ಸರಿಯಾಗಿ ಹರಡುವುದೇ ಇಲ್ಲ. ನೀರಿನ ಮೇಲ್ಮೈ ಹತ್ತಿರ ಒತ್ತಡ ಸೊನ್ನೆಯತ್ತ ಇಳಿಯುತ್ತದೆ, ಕಣಚಲನೆ ಏರುತ್ತದೆ. ಮೀನು 1 ಸೆಂ.ಮೀ. ಮೇಲೆ ಬಂದರೂ ಒತ್ತಡದ ಅಂಕಿ ಬದಲಾಗುತ್ತದೆ. ದೊಡ್ಡ ಮೀನನ್ನು ಅದೇ ಹಿಡಿಕೆಯಲ್ಲಿ ಕೂರಿಸಿದಾಗ ತಲೆ ಮುಂದಕ್ಕೋ ಮೇಲಕ್ಕೋ ಸರಿದಿರುತ್ತದೆ, ಇದು ನೇರವಾಗಿ ನಿಮ್ಮ ವಯಸ್ಸಿನ ಹೋಲಿಕೆಯೊಳಗೆ ನುಸುಳುತ್ತದೆ. ಹಿಡಿಕೆಯ ಬುಡವಲ್ಲ, ಕಿವಿ ಇರುವ ಜಾಗ ಒಂದೇ ಬಿಂದುವಿಗೆ ಬರುವಂತೆ ಪ್ರತಿ ಮೀನನ್ನೂ ಸರಿಸಿ. ಮೀನು ತೆಗೆದು ಹೈಡ್ರೋಫೋನ್‌ನ (ನೀರಿನೊಳಗಿನ ಮೈಕ್) ಮೊನೆಯನ್ನು ಅದೇ ಬಿಂದುವಿಗೆ ತಂದು ದಿನವೂ, ಪ್ರತಿ ಆವರ್ತನಕ್ಕೂ ಅಳೆಯಿರಿ. ಹೈಡ್ರೋಫೋನ್ ಮೇಲೆ ಕೂತ ಒಂದು ಗಾಳಿಗುಳ್ಳೆ ಅಂಕಿಯನ್ನು ಹಾಳು ಮಾಡಲು ಸಾಕು. ಬೆರಳಿನಿಂದ ಒರೆಸಿ ಇಳಿಸಿ.

ಒತ್ತಡದ ಅಂಕಿ ಮಾತ್ರ ಕೊಟ್ಟರೆ ಅರ್ಧ ಮಾತು. ವೇಗೋತ್ಕರ್ಷ ಅಳೆಯುವ ಮೂರು ಅಕ್ಷದ ಆಕ್ಸೆಲೆರೋಮೀಟರ್ ಇಲ್ಲದಿದ್ದರೆ ಎರಡು ಹೈಡ್ರೋಫೋನ್‌ಗಳನ್ನು ಗೊತ್ತಿರುವ ಅಂತರದಲ್ಲಿಟ್ಟು, ಒತ್ತಡದ ವ್ಯತ್ಯಾಸವನ್ನು ನೀರಿನ ಸಾಂದ್ರತೆ ಮತ್ತು ಅಂತರದ ಗುಣಲಬ್ಧದಿಂದ ಭಾಗಿಸಿದರೆ ಆ ದಿಕ್ಕಿನ ವೇಗೋತ್ಕರ್ಷ ಸಿಗುತ್ತದೆ. ಮೂರು ದಿಕ್ಕಿಗೂ ಮಾಡಿ. ಹೋಲಿಸುವಾಗ ನೀರಿನೊಳಗಿನ ಡೆಸಿಬೆಲ್‌ಗೆ ಆಧಾರ 1 ಮೈಕ್ರೋಪಾಸ್ಕಲ್, ಗಾಳಿಯಲ್ಲಿ 20 ಮೈಕ್ರೋಪಾಸ್ಕಲ್ ಎಂಬುದನ್ನು ಮರೆಯಬೇಡಿ. ಆಧಾರ ಬೇರೆಯಾದ್ದರಿಂದಲೇ 26 ಡೆಸಿಬೆಲ್ ವ್ಯತ್ಯಾಸ ಬೀಳುತ್ತದೆ.

ಇನ್ನೊಂದು ಸಣ್ಣ ಮಾತು, ಆದರೆ ದೊಡ್ಡ ಕುಣಿ. ಸ್ಯಾಕ್ಯೂಲ್‌ನ ರೋಮಕೋಶಗಳು ಎದುರುಬದುರು ದಿಕ್ಕಿಗೆ ಮುಖ ಮಾಡಿರುವುದರಿಂದ ಕೊಟ್ಟ ಆವರ್ತನದ ಎರಡರಷ್ಟರಲ್ಲಿ ಉತ್ತರ ಬರುತ್ತದೆ: 800ಕ್ಕೆ 1600. ಅದನ್ನು ಹುಡುಕಿ ಥ್ರೆಶೋಲ್ಡ್ ಹೇಳುವುದು ರೂಢಿ. ಸ್ಪೀಕರ್ ತಾನೇ ವಿಕೃತವಾಗಿ 1600 ಉಗುಳಿದರೆ? ಹೈಡ್ರೋಫೋನ್ ಸಂಕೇತದ ವರ್ಣಪಟಲ ನೋಡಿ, ಸತ್ತ ಮೀನನ್ನು ಅದೇ ಜಾಗದಲ್ಲಿಟ್ಟು ಒಂದು ಪೂರ್ತಿ ಸುತ್ತು ತೆಗೆಯಿರಿ. ಅಲ್ಲೂ ಶಿಖರ ಕಂಡರೆ ಅದು ಮೀನಿನದಲ್ಲ.

---

ಉತ್ತರ: ಸೂಜಿಮೊನೆ

ಎಇಪಿ ಮಾಡುವ ಕೈಗೆ ಕೆಲವು ಮಾತು. ಟೋನ್ ಎಷ್ಟು ಉದ್ದ ಕೊಡುತ್ತಿದ್ದೀರಿ ಎಂದು ನೀವು ಬರೆದಿಲ್ಲ. 20 ಮಿಲಿಸೆಕೆಂಡ್, ಏರು ಇಳಿವು 2 ಮಿಲಿಸೆಕೆಂಡ್ ಸಾಮಾನ್ಯ. 800ಕ್ಕೆ ಅದು 16 ಸುತ್ತು, ಚೆನ್ನಾಗಿದೆ. 200ಕ್ಕೆ ಬರೀ 4, 100ಕ್ಕೆ 2. ಅಷ್ಟು ಚಿಕ್ಕ ತುಣುಕಿನ ಶಕ್ತಿ ಅಕ್ಕಪಕ್ಕದ 50 ಹರ್ಟ್ಜ್‌ವರೆಗೆ ಚೆಲ್ಲುತ್ತದೆ. ನಿಮ್ಮ 200ರ ಫಲಿತಾಂಶದಲ್ಲಿ ವ್ಯತ್ಯಾಸ ಕಾಣದಿರಲು ಇದೂ ಒಂದು ಕಾರಣವಾಗಿರಬಹುದು, ಅಲ್ಲಿ ಟೋನನ್ನು ಉದ್ದ ಮಾಡಿ ನೋಡಿ.

ಪ್ರತಿ ಮಟ್ಟದಲ್ಲಿ ಅರ್ಧದಷ್ಟು ಟೋನ್‌ಗಳನ್ನು ತಿರುಗುಮುರುಗು ಹಂತದಲ್ಲಿ ಕೊಟ್ಟು ಕೂಡಿಸಿದರೆ ಸ್ಪೀಕರ್‌ನ ವಿದ್ಯುತ್ ಸೋರಿಕೆ ಕಳೆದುಹೋಗುತ್ತದೆ. ಒಟ್ಟು 1,000 ದಿಂದ 2,000 ಸರಾಸರಿ. 1,000 ದಿಂದ 2,000ಕ್ಕೆ ಏರಿಸಿದರೆ ಗದ್ದಲ 3 ಡೆಸಿಬೆಲ್ ಮಾತ್ರ ತಗ್ಗುತ್ತದೆ. ಆದ್ದರಿಂದ ಕೆಟ್ಟ ಎಲೆಕ್ಟ್ರೋಡನ್ನು ಸರಾಸರಿಯಿಂದ ಸರಿಮಾಡಲು ಹೋಗಬೇಡಿ. ಸೂಜಿಯನ್ನು ನೈಲ್ ಪಾಲಿಶ್‌ನಿಂದ ಮುಚ್ಚಿ ತುದಿ ಮಾತ್ರ ಬರಿದಾಗಿಡಿ. ಪಾಲಿಶ್ ಬಿರುಕು ಬಿಟ್ಟರೆ ಸಂಕೇತ ನೀರಿಗೆ ಹರಿದುಹೋಗುತ್ತದೆ, ಅಲೆ ಕುಗ್ಗುತ್ತದೆ, ಮೀನು ಕಿವುಡಾದಂತೆ ಕಾಣುತ್ತದೆ. ಪ್ರತಿ ಮೀನಿಗೂ ಮೊದಲು ಪ್ರತಿರೋಧ ಅಳೆದು ಬರೆದಿಡಿ.

ದೊಡ್ಡ ಮೀನಿನ ತಲೆಬುರುಡೆ ದಪ್ಪ, ಮೇಲೆ ಸ್ನಾಯು ಹೆಚ್ಚು, ಎಲೆಕ್ಟ್ರೋಡ್‌ನಿಂದ ಮಿದುಳಿಗೆ ದೂರ ಹೆಚ್ಚು. ಅದರಿಂದಲೇ ಅಲೆಯ ಎತ್ತರ ತಗ್ಗುತ್ತದೆ, ಎತ್ತರ ತಗ್ಗಿದರೆ ಗದ್ದಲದಲ್ಲಿ ಮುಳುಗುವ ಮಟ್ಟ ಮೇಲಕ್ಕೆ ಬರುತ್ತದೆ, ಅದನ್ನೇ ನಾವು ಥ್ರೆಶೋಲ್ಡ್ ಏರಿತು ಎನ್ನುತ್ತೇವೆ. ಆದರೆ ಈ ಪರಿಣಾಮ ಎಲ್ಲ ಆವರ್ತನಕ್ಕೂ ಇರಬೇಕು. ನಿಮ್ಮಲ್ಲಿ 200 ಸಮವಾಗಿರುವುದರಿಂದ ಇದೊಂದೇ ಕಾರಣ ಅನಿಸುವುದಿಲ್ಲ. ಗಾತ್ರ ಸಮವಾದ ಮೀನುಗಳು ಸಿಕ್ಕರೆ ಅನುಮಾನವೇ ಉಳಿಯುವುದಿಲ್ಲ.

ಅರಿವಳಿಕೆ ಎಂಎಸ್-222 ಆದರೆ ಎಚ್ಚರ. ಅದು ಸೋಡಿಯಂ ಚಾನೆಲ್‌ಗಳನ್ನೇ ಮುಚ್ಚುತ್ತದೆ, ಅಂದರೆ ನೀವು ಅಳೆಯಬೇಕೆಂದಿರುವ ನರದ ಉತ್ತರವನ್ನೇ ತಗ್ಗಿಸುತ್ತದೆ. ಮುದಿ ಮೀನು ಅರಿವಳಿಕೆಯಿಂದ ನಿಧಾನವಾಗಿ ಹೊರಬಂದರೆ ಅದೂ ಕಿವುಡಿನಂತೆ ಕಾಣುತ್ತದೆ. ಅನುಮತಿ ಪಡೆದ ವಿಧಾನದಲ್ಲಿ ಸ್ನಾಯು ಸಡಿಲಿಸುವ ಔಷಧ ಇದ್ದರೆ ಅದನ್ನು ಬಳಸಿ, ಬಾಯಿಂದ ಕಿವಿರಿಗೆ ನೀರು ಹರಿಸಿ; ಎಂಎಸ್-222 ಅನ್ನೇ ಬಳಸುವುದಾದರೆ ಎಲ್ಲ ಮೀನಿಗೂ ಒಂದೇ ಸಾಂದ್ರತೆ, ಒಂದೇ ಹೊತ್ತು ಇರಲಿ. ದ್ರಾವಣವನ್ನು ಸೋಡಿಯಂ ಬೈಕಾರ್ಬೊನೇಟ್‌ನಿಂದ ಪಿಎಚ್ 7.0–7.5ಕ್ಕೆ ತನ್ನಿ, ಹಾಗೇ ಬಿಟ್ಟರೆ ಆಮ್ಲವಾಗಿ ಕಿವಿರು ಉರಿಯುತ್ತದೆ. ಹರಿಯುವ ನೀರೂ 28 ಡಿಗ್ರಿಯಲ್ಲೇ ಇರಲಿ. ತಣ್ಣಗಾದಂತೆ ಉತ್ತರ ತಡವಾಗುತ್ತದೆ, ಕುಗ್ಗುತ್ತದೆ. ಕೊನೆಗೆ ಮೊದಲು ಅಳೆದ ಆವರ್ತನವನ್ನು ಮತ್ತೊಮ್ಮೆ ಅಳೆಯಿರಿ. 5 ಡೆಸಿಬೆಲ್‌ಗಿಂತ ಹೆಚ್ಚು ಜಾರಿದ್ದರೆ ಆ ಮೀನಿನ ಇಡೀ ದಾಖಲೆ ಬಿಡಿ. ಮತ್ತೆ, ದಿನವೂ 200ರಿಂದ 1500ಕ್ಕೆ ಏರುವ ಕ್ರಮದಲ್ಲೇ ಅಳೆಯುತ್ತಿದ್ದರೆ ನಿಮ್ಮ ಮುದಿ ಮೀನು ಬರೀ ದಣಿದಿರಲೂಬಹುದು! ಕ್ರಮವನ್ನು ಕಲಸಿ.

---

ಉತ್ತರ: ಬೆಚ್ಚುಬಾಲ

ಬೆಚ್ಚುವ ಪರೀಕ್ಷೆಯ ಬಗ್ಗೆ ಯಾರೂ ಹೇಳಿಲ್ಲ. ಮೂರರಲ್ಲಿ ಕಿವಿಯ ಬಗ್ಗೆ ಅತಿ ಕಡಿಮೆ ಹೇಳುವ ಅಳತೆ ಅದೇ. ಸದ್ದು ಕೇಳಿ ಬಾಲ ತಿರುಗಿಸುವವರೆಗೆ ಕಿವಿ, ನರ, ಮೌತ್ನರ್ ಕೋಶ (ಬೆಚ್ಚುವಿಕೆಯನ್ನು ಹೊರಡಿಸುವ ಹಿಮ್ಮಿದುಳಿನ ನರಕೋಶ), ಬೆನ್ನುಹುರಿ, ಸ್ನಾಯು ಎಲ್ಲ ಕೆಲಸ ಮಾಡಬೇಕು. ಮುದಿ ಮೀನಿನಲ್ಲಿ ಇವುಗಳಲ್ಲಿ ಯಾವುದು ಬೇಕಾದರೂ ಸವೆದಿರಬಹುದು. ಸಾಲದ್ದಕ್ಕೆ ಗೋಡೆಗೆ ಬಡಿದರೆ ಪಾರ್ಶ್ವರೇಖೆಗೂ (ನೀರಿನ ಅಲುಗಾಟ ಗ್ರಹಿಸುವ, ಮೈಯುದ್ದದ ಅಂಗ) ತಟ್ಟುತ್ತದೆ, ಕಣ್ಣಿಗೂ ಅಲುಗಾಟ ಕಾಣುತ್ತದೆ.

ಬಿಡಿಸುವ ಉಪಾಯ: ಪೂರ್ವಸದ್ದಿನ ತಡೆ. ಜೋರಾದ ಬಡಿತಕ್ಕೆ ಮೊದಲು, ಉದಾಹರಣೆಗೆ 100 ಮಿಲಿಸೆಕೆಂಡ್ ಮುಂಚೆ, ಬೆಚ್ಚಿಸಲಾರದಷ್ಟು ಮೆಲ್ಲನೆಯ ಟೋನ್ ಕೊಡಿ. ಮೀನಿಗೆ ಅದು ಕೇಳಿದ್ದರೆ ನಂತರದ ಬೆಚ್ಚುವಿಕೆ ತಗ್ಗುತ್ತದೆ. ಪ್ರತಿ ಮೀನನ್ನೂ ಅದರ ಟೋನ್ ಇಲ್ಲದ ಬೆಚ್ಚುವಿಕೆಗೇ ಹೋಲಿಸುವುದರಿಂದ ಸ್ನಾಯುವಿನ ದೌರ್ಬಲ್ಯದ ಪಾಲು ಬಹುಮಟ್ಟಿಗೆ ಕಳೆದುಹೋಗುತ್ತದೆ. 2013ರಲ್ಲಿ ಲಾರ್ವಾಗಳಲ್ಲಿ ಈ ವಿಧಾನದಿಂದ ಸಿಕ್ಕ ಥ್ರೆಶೋಲ್ಡ್‌ಗಳು ಬರೀ ಬೆಚ್ಚುವಿಕೆಯಿಂದ ಸಿಗುವುದಕ್ಕಿಂತ ಕೆಳಗಿದ್ದವು. ಒಂದು ಮಿತಿ ಇದೆ: ಟೋನ್ ಇಲ್ಲದೆಯೂ ಹೆಚ್ಚುಕಡಿಮೆ ಬೆಚ್ಚದ ಮೀನಿನಲ್ಲಿ ತಗ್ಗಲು ಏನೂ ಉಳಿದಿರುವುದಿಲ್ಲ. ಅಂಥ ಮೀನನ್ನು ಕಿವುಡು ಎಂದು ಬರೆಯಬೇಡಿ, ಅಳೆಯಲಾಗಲಿಲ್ಲ ಎಂದು ಬರೆಯಿರಿ.

ಕ್ಯಾಮೆರಾ ಸೆಕೆಂಡಿಗೆ 1,000 ಚಿತ್ರ ತೆಗೆಯುವಂಥದ್ದಿರಲಿ. ಬೆಚ್ಚಿತೋ ಇಲ್ಲವೋ ಎಂದಷ್ಟೇ ಬರೆಯದೆ ತಡ ಎಷ್ಟು ಮಿಲಿಸೆಕೆಂಡ್, ಬಾಗಿದ ಕೋನ ಎಷ್ಟು, ವೇಗ ಎಷ್ಟು ಎಂದು ಬೇರೆ ಬೇರೆ ಬರೆಯಿರಿ. ಮೊದಲ ಬಾಗು ಸರಿಯಾದ ಹೊತ್ತಿಗೆ ಬಂದು ಈಜಿನ ವೇಗ ಮಾತ್ರ ತಗ್ಗಿದ್ದರೆ ಕಿವಿಯನ್ನು ದೂರಲು ಕಾರಣವಿಲ್ಲ. ಬಡಿತಗಳ ನಡುವೆ ಅಂತರ ಬಿಡಿ. ಲಾರ್ವಾಗಳಿಗೆ 15 ಸೆಕೆಂಡ್ ಸಾಕಾಗುತ್ತದೆ, ದೊಡ್ಡ ಮೀನಿಗೆ ನಿಮಿಷಗಳ ಲೆಕ್ಕದಲ್ಲಿಡಿ. ಇಲ್ಲದಿದ್ದರೆ ನೀವು ಅಳೆಯುವುದು ಸದ್ದಿಗೆ ಒಗ್ಗಿಕೊಳ್ಳುವ ವೇಗವನ್ನು.

ಅದಕ್ಕಿಂತ ಮುಖ್ಯವಾದದ್ದು ಸೋಂಕು. ಸೂಡೋಲೋಮಾ ನ್ಯೂರೋಫಿಲಿಯಾ ಎಂಬ ಮೈಕ್ರೋಸ್ಪೋರಿಡಿಯಾ (ಒಂದು ಬಗೆಯ ಸೂಕ್ಷ್ಮ ಪರಾವಲಂಬಿ) ಪ್ರಯೋಗಾಲಯದ ಜೀಬ್ರಾಫಿಶ್‌ಗಳಲ್ಲಿ ಬಹಳ ಸಾಮಾನ್ಯ. ಅದು ಕೂರುವುದೇ ಬೆನ್ನುಹುರಿ ಮತ್ತು ಹಿಮ್ಮಿದುಳಿನಲ್ಲಿ, ಅಂದರೆ ಬೆಚ್ಚುವ ಸರ್ಕ್ಯೂಟ್ ಇರುವ ಜಾಗದಲ್ಲಿ. ಹೊರಗಿನಿಂದ ಮೀನು ಆರೋಗ್ಯವಾಗಿಯೇ ಕಾಣಬಹುದು. ಕೆಲವು ಬಡಕಲಾಗುತ್ತವೆ, ಬೆನ್ನು ಬಾಗುತ್ತದೆ. ಹೆಚ್ಚು ವರ್ಷ ಬದುಕಿದ ಮೀನಿಗೆ ಸೋಂಕು ತಗಲುವ ಅವಕಾಶವೂ ಹೆಚ್ಚು, ಹಾಗಾಗಿ ಇದು ವಯಸ್ಸಿನ ವೇಷ ತೊಟ್ಟು ಬರುತ್ತದೆ. ಪರೀಕ್ಷೆ ಮುಗಿದ ಪ್ರತಿ ಮೀನಿನ ಮಿದುಳು, ಬೆನ್ನುಹುರಿ ತೆಗೆದು ಪಿಸಿಆರ್ ಮಾಡಿಸಿ. ಮೈಕೋಬ್ಯಾಕ್ಟೀರಿಯಂ ಸೋಂಕನ್ನೂ ನೋಡಿಸಿ. ಸೋಂಕಿದ್ದ ಮೀನುಗಳನ್ನು ತೆಗೆದ ಮೇಲೂ ವ್ಯತ್ಯಾಸ ಉಳಿದರೆ ಆಗ ಮಾತಾಡೋಣ.

---

ಮರುಪ್ರಶ್ನೆ: ತುಂಬುತೊಟ್ಟಿ

ಎಲ್ಲರಿಗೂ ಧನ್ಯವಾದ. ಟೋನ್ 20 ಮಿಲಿಸೆಕೆಂಡ್, ಕ್ರಮ ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಎರಡನ್ನೂ ಬದಲಿಸುತ್ತೇವೆ. 36 ತಿಂಗಳ ಗುಂಪಿನಲ್ಲಿ ಬೆನ್ನು ಬಾಗಿದ ಮೀನುಗಳು ಇವೆ, ಎಕ್ಸ್‌ರೇ ಮಾಡಿಸುತ್ತೇವೆ.

ಅಂಗಾಂಶದ ಬಗ್ಗೆ ಇನ್ನೊಂದು ಪ್ರಶ್ನೆ. ನಾವು ಫ್ಯಾಲಾಯ್ಡಿನ್ ಎಂಬ ಹೊಳೆಯುವ ಬಣ್ಣ ಮಾತ್ರ ಹಾಕಿ ಎಣಿಸಿದ್ದು. ಮುದಿ ಮಾದರಿಗಳಲ್ಲಿ ಹಸಿರು ಚುಕ್ಕೆಗಳು ಎಲ್ಲೆಡೆ ತುಂಬಿಕೊಂಡು ಎಣಿಕೆ ಕಷ್ಟವಾಯಿತು. ನರದ ಕೊಂಡಿಗಳನ್ನೂ ಎಣಿಸುವುದು ಯೋಗ್ಯವೇ?

---

ಉತ್ತರ: ಕಿವಿಗಲ್ಲು

ಹಸಿರು ಚುಕ್ಕೆ ಬಹುಶಃ ಲಿಪೊಫಸ್ಕಿನ್. ವಯಸ್ಸಾದ ಕೋಶಗಳಲ್ಲಿ ಕೂಡಿಕೊಳ್ಳುವ ಈ ಕಸ ತಾನಾಗಿಯೇ ಹೊಳೆಯುತ್ತದೆ, ಬಣ್ಣ ಹಾಕದಿದ್ದರೂ. ಪ್ರತಿ ವಯಸ್ಸಿನ ಒಂದು ಕಿವಿಯನ್ನು ಏನೂ ಬಣ್ಣ ಹಾಕದೆ ಅದೇ ಲೇಸರ್ ಶಕ್ತಿಯಲ್ಲಿ ನೋಡಿದರೆ ಗೊತ್ತಾಗುತ್ತದೆ. ಮುಖ್ಯ ಗುರುತನ್ನು ದೂರದ ಕೆಂಪು ಬಣ್ಣಕ್ಕೆ ಬದಲಿಸಿ, ಹಸಿರನ್ನು ಬಿಟ್ಟುಬಿಡಿ. ಎಳೆಯ ಮೀನಿಗೆ ಸರಿಹೊಂದಿಸಿದ ಸ್ವಯಂಚಾಲಿತ ಎಣಿಕೆಯ ತಂತ್ರಾಂಶವನ್ನು ಹಾಗೇ ಮುದಿ ಮಾದರಿಗೆ ಓಡಿಸಿದ್ದರೆ ನಿಮ್ಮ ಹೆಚ್ಚುವರಿ ಕೋಶಗಳಲ್ಲಿ ಒಂದಿಷ್ಟು ಈ ಕಸವೇ ಇರಬಹುದು!

ಫ್ಯಾಲಾಯ್ಡಿನ್ ತೋರಿಸುವುದು ರೋಮದ ಗೊಂಚಲನ್ನು. ಗೊಂಚಲು ಉದುರಿ ಕೋಶ ಉಳಿದಿರುವುದೂ ಉಂಟು, ಈಗಷ್ಟೇ ಹುಟ್ಟಿದ ಕೋಶದ ಗೊಂಚಲು ತೀರಾ ಚಿಕ್ಕದಾಗಿರುವುದೂ ಉಂಟು. ರೋಮಕೋಶದ ಒಡಲನ್ನೇ ಗುರುತಿಸುವ ಮಯೋಸಿನ್ 7ಎ ಪ್ರತಿಕಾಯವನ್ನೂ ಜೊತೆಗೆ ಹಾಕಿದರೆ ಎರಡೂ ಬೇರೆಯಾಗುತ್ತವೆ. ತಲೆಯನ್ನು 4 ಪ್ರತಿಶತ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 4 ಡಿಗ್ರಿಯಲ್ಲಿ ಒಂದು ರಾತ್ರಿ ಇಡಿ, ವಾರಗಟ್ಟಲೆ ಬಿಡಬೇಡಿ. ಹಳೆಯ ದ್ರಾವಣ ಆಮ್ಲವಾಗಿ ಕಿವಿಗಲ್ಲು ಕರಗುತ್ತದೆ, ಗುರುತುಗಳೂ ಮಂಕಾಗುತ್ತವೆ. ಮೆಥನಾಲ್‌ನಲ್ಲಿ ಸಂಗ್ರಹಿಸಿದ ಮಾದರಿಗೆ ಫ್ಯಾಲಾಯ್ಡಿನ್ ಹಿಡಿಯುವುದಿಲ್ಲ. ಬುರುಡೆಯ ಮೇಲ್ಭಾಗ ತೆಗೆದು ಮಿದುಳನ್ನು ಎತ್ತಿದರೆ ಅದರ ಕೆಳಗೆ, ನಡುಗೆರೆಯ ಎರಡೂ ಬದಿ ಸ್ಯಾಕ್ಯೂಲ್ ಇರುತ್ತದೆ. ಅದರ ಕಲ್ಲು ಉದ್ದನೆಯ ಸೂಜಿಯಂತೆ, ಒಳಕಿವಿಯ ಇನ್ನೊಂದು ಭಾಗವಾದ ಲಗೀನಾದ್ದು ಗುಂಡಗೆ. ಎತ್ತುವಾಗ ಇವೆರಡು ಅದಲುಬದಲಾಗುವುದು ಹೊಸ ಕೈಗಳ ಸಾಮಾನ್ಯ ತಪ್ಪು. ಕಲ್ಲನ್ನು ಮೆಲ್ಲಗೆ ಜಾರಿಸಿ ತೆಗೆಯಿರಿ, ಎಳೆದರೆ ರೋಮಗಳೂ ಕಿತ್ತು ಬರುತ್ತವೆ, ಆ ಖಾಲಿ ಗೆರೆ ಮುಪ್ಪಿನ ಗಾಯದಂತೆಯೇ ಕಾಣುತ್ತದೆ. ನಿಜವಾದ ಮುಪ್ಪಿನ ಗಾಯವಾದರೆ ಅಂಚು ನಯವಾಗಿರುವುದಿಲ್ಲ. ಕೈಯಿಂದಾದ ಗೆರೆ ನೇರವಾಗಿರುತ್ತದೆ. ಪದರ ಬಾಗಿರುವುದರಿಂದ ಗಾಜಿನ ಕೆಳಗೆ ಅಂತರಪಟ್ಟಿ ಇಟ್ಟು ಕೂರಿಸಿ.

ಕೊಂಡಿಗಳನ್ನು ಖಂಡಿತ ಎಣಿಸಿ, ನನ್ನ ಮಟ್ಟಿಗೆ ಕೋಶದ ಎಣಿಕೆಗಿಂತ ಅದೇ ಹೆಚ್ಚು ಹೇಳುತ್ತದೆ. ರೋಮಕೋಶದೊಳಗೆ ಕೊಂಡಿಯ ಜಾಗದಲ್ಲಿರುವ ರಿಬ್ಬನ್ ಎಂಬ ರಚನೆಗೆ ರಿಬ್‌ಐ ಪ್ರತಿಕಾಯ, ನರದ ಕಡೆಗೆ ಮ್ಯಾಗುಕ್ ಪ್ರತಿಕಾಯ. ಎರಡೂ ಚುಕ್ಕೆ ಅಂಟಿಕೊಂಡಿದ್ದರೆ ಕೊಂಡಿ ಇದೆ. ಒಂಟಿ ರಿಬ್ಬನ್ ಮಾತ್ರ ಇದ್ದರೆ ಕೋಶ ಬದುಕಿದೆ, ನರ ಬಿಟ್ಟುಹೋಗಿದೆ. ಕೋಶ ಹೆಚ್ಚಿದ್ದೂ ಕೇಳಿಸುವುದು ಕಡಿಮೆ ಎಂಬ ನಿಮ್ಮ ಮೊದಲ ಪ್ರಶ್ನೆಗೆ, ಗಾಳಿಚೀಲ ಸರಿಯಿದೆ ಎಂದಾದರೆ, ಮುಂದೆ ಹುಡುಕಬೇಕಾದ ಜಾಗ ಇದು. 60 ಪಟ್ಟಿನ ಮೇಲಿನ ಎಣ್ಣೆ ಲೆನ್ಸ್, ಪದರಗಳ ಅಂತರ 0.3 ಮೈಕ್ರೋಮೀಟರ್‌ಗಿಂತ ಹೆಚ್ಚಾಗದಿರಲಿ.

ಪಾರ್ಶ್ವರೇಖೆಯನ್ನು ಕಿವಿಯ ಬದಲಿಯಾಗಿ ಹಿಡಿಯಬೇಡಿ. ಲಾರ್ವಾದಲ್ಲಿ ನಿಯೋಮೈಸಿನ್ ಎಂಬ ಔಷಧ ಹಾಕಿ ಕೊಂದ ರೋಮಕೋಶಗಳು ಎರಡು ಮೂರು ದಿನದಲ್ಲಿ ಮರಳುತ್ತವೆ, ಅದು ಬೇರೆಯೇ ವೇಗ. ಅಲ್ಲಿ ಚೆನ್ನಾಗಿ ಮರುಹುಟ್ಟುತ್ತದೆ ಎಂದು ಮೂರು ವರ್ಷದ ಮೀನಿನ ಸ್ಯಾಕ್ಯೂಲ್ ಬಗ್ಗೆ ಏನೂ ಹೇಳಲಾಗದು.

---

ಉತ್ತರ: ಅಲೆಯಳತೆ

ಕಿಲಿಫಿಶ್ ಪ್ರಶ್ನೆ ಹಾಗೇ ಉಳಿದಿದೆ. ಆಫ್ರಿಕಾದ ಟರ್ಕಾಯಿಸ್ ಕಿಲಿಫಿಶ್ 4ರಿಂದ 6 ತಿಂಗಳಲ್ಲಿ ಮುದಿಯಾಗಿ ಸಾಯುತ್ತದೆ, ಕಾಯುವ ಕಾಲ ಉಳಿಯುತ್ತದೆ ನಿಜ. ಆದರೆ ಅದಕ್ಕೆ ವೀಬರಿಯನ್ ಎಲುಬುಗಳಿಲ್ಲ. ಹೆಚ್ಚಿನ ಆವರ್ತನಗಳ ಬಗ್ಗೆ ನೀವು ಕೇಳುತ್ತಿರುವ ಪ್ರಶ್ನೆಯನ್ನೇ ಅದರಲ್ಲಿ ಕೇಳಲಾಗದು. ರೋಮಕೋಶ ಸೇರುವುದು ಯಾವಾಗ ನಿಲ್ಲುತ್ತದೆ ಎಂಬ ಪ್ರಶ್ನೆಗಾದರೆ ಒಳ್ಳೆಯ ಪ್ರಾಣಿ. ಗಂಡುಗಳು ಕಚ್ಚಾಡುತ್ತವೆ, ಒಂಟಿಯಾಗಿ ಸಾಕಬೇಕು, ಅಂದರೆ ತೊಟ್ಟಿಗಳ ಲೆಕ್ಕ ಬೆಳೆಯುತ್ತದೆ.

ಎರಡರಲ್ಲೂ ಇಲ್ಲದ ಒಂದು ಸಂಗತಿ ನೆನಪಿರಲಿ. ಮೀನಿಗೆ ಕಾಕ್ಲಿಯಾ ಇಲ್ಲ, ಅದರ ಪಕ್ಕದ ಗೋಡೆಯಲ್ಲಿ ವಿದ್ಯುತ್ ಒದಗಿಸುವ ಸ್ಟ್ರೈಯಾ ಪದರವೂ ಇಲ್ಲ. ಮನುಷ್ಯರ ಮುಪ್ಪಿನ ಕಿವುಡಿನಲ್ಲಿ ಆ ಪದರ ಸೊರಗುವುದರ ಪಾಲನ್ನು ಮೀನಿನಲ್ಲಿ ನೋಡಲಾಗದು.

ಇನ್ನು ನಿಮ್ಮ ಸಾಕಣೆ ಕೋಣೆಯ ಪಂಪು. 36 ತಿಂಗಳ ಮೀನು 36 ತಿಂಗಳೂ ಅದರ ಗುಂಯ್‌ಗುಡುವಿಕೆ ಕೇಳಿದೆ, 6 ತಿಂಗಳದ್ದು ಆರೇ ತಿಂಗಳು. ಹೈಡ್ರೋಫೋನನ್ನು ಒಂದು ದಿನ ಸಾಕಣೆ ತೊಟ್ಟಿಗಳಿಗೂ ಇಳಿಸಿ, ಪಂಪಿಗೆ ಹತ್ತಿರದ ಸಾಲು ದೂರದ ಸಾಲು ಎರಡರಲ್ಲೂ. ಯಾವ ಗುಂಪು ಯಾವ ಸಾಲಿನಲ್ಲಿತ್ತು ಎಂಬ ದಾಖಲೆ ನಿಮ್ಮಲ್ಲಿ ಇದೆಯೇ?

---

ಮರುಉತ್ತರ: ತುಂಬುತೊಟ್ಟಿ

ಇದೆ. ಮುದಿ ಗುಂಪಿನ ತೊಟ್ಟಿಗಳು ಎಲ್ಲವೂ ಕೆಳಗಿನ ಸಾಲಿನಲ್ಲಿದ್ದವು, ಪಂಪಿನ ಪಕ್ಕದಲ್ಲೇ. ಎಕ್ಸ್‌ರೇಗಿಂತ ಮೊದಲು ಅದನ್ನೇ ಅಳೆಯುತ್ತೇವೆ.